ಲಂಡನ್ ರೇಟು

ನಮ್ಮ ಮನೆಯಲ್ಲಿ ಲಂಡನ್ ಅಂದರೆ ಊರಲ್ಲ, ರೇಟು. ಸಕಲೇಶಪುರ ತಾಲ್ಲೂಕಿನ ಮೂಲೆಯಲ್ಲಿ ನಮ್ಮದು ಹನ್ನೆರಡು ಎಕರೆ ತೋಟ, ಮುಕ್ಕಾಲು ಪಾಲು ರೊಬಸ್ಟಾ. ಅರೇಬಿಕಾದ ವಾಯಿದೆ ವ್ಯಾಪಾರ ನ್ಯೂಯಾರ್ಕಿನಲ್ಲಿ, ರೊಬಸ್ಟಾದ್ದು ಲಂಡನ್ನಿನಲ್ಲಿ ಎಂಬುದು ಆ ಊರುಗಳು ಭೂಪಟದಲ್ಲಿ ಎಲ್ಲಿವೆ ಎಂದು ತಿಳಿಯುವ ಮೊದಲೇ ನನಗೆ ತಿಳಿದಿತ್ತು. ಹತ್ತು ಗಂಟೆ ಬಸ್ಸಿಗೆ ಬರುವ ಪೇಪರಿನಲ್ಲಿ ಅಪ್ಪ ಮೊದಲು ಬಿಡಿಸುತ್ತಿದ್ದದ್ದು ವಾಣಿಜ್ಯ ಪುಟ. "ಲಂಡನ್ ಹೆಂಗಿದೆ?" ಎಂದು ಪಕ್ಕದ ತೋಟದವರು ಬೇಲಿಯಾಚೆಯಿಂದ ಕೂಗಿದರೆ, ಹಾಸಿಗೆ ಹಿಡಿದ ನೆಂಟರ ಸುದ್ದಿ ಹೇಳುವ ದನಿಯಲ್ಲಿ "ಇನ್ನೂ ಎದ್ದಿಲ್ಲ" ಎನ್ನುತ್ತಿದ್ದರು. 2007ರಲ್ಲಿ ಕೆಲಸದ ಮೇಲೆ ನಾನು ಆ ಊರಿಗೇ ಹೊರಟಾಗ ಅಜ್ಜಿ ಕೇಳಿದ್ದು ಒಂದೇ ಪ್ರಶ್ನೆ: "ಅದು ಯಾವಾಗ್ಲೂ ಬೀಳ್ತಾನೇ ಇರುತ್ತಲ್ಲ, ಅಲ್ಲಿಗ್ಯಾಕೆ ಹೋಗ್ತೀಯ?"

ಅಜ್ಜಿಯ ಮಾತು ನಿಜವಾಗಲು ವರ್ಷವೊಂದು ಸಾಕಾಯಿತು. 2008ರ ಸೆಪ್ಟೆಂಬರ್ 15ರಂದು ಅಮೆರಿಕದ ಬ್ಯಾಂಕು ಲೀಮನ್ ಬ್ರದರ್ಸ್ ಮುಳುಗಿತು. ನಾನು ಸಾಫ್ಟ್‌ವೇರ್ ಬರೆಯುತ್ತಿದ್ದ ಬ್ಯಾಂಕು ಕ್ಯಾನರಿ ವಾರ್ಫಿನಲ್ಲೇ, ಲೀಮನ್ ಕಟ್ಟಡದಿಂದ ಕೂಗಳತೆಯಲ್ಲಿತ್ತು. ರಟ್ಟಿನ ಪೆಟ್ಟಿಗೆ ಎದೆಗವಚಿಕೊಂಡು ಹೊರಬರುತ್ತಿದ್ದವರನ್ನು ನಾವು ಊಟದ ವೇಳೆಯಲ್ಲಿ ನಿಂತು ನೋಡಿದೆವು. ಫೆಬ್ರುವರಿಯಲ್ಲಿ ನನಗೂ ಅಂಥದೇ ಪೆಟ್ಟಿಗೆ ಸಿಕ್ಕಿತು. ವೀಸಾ ನನ್ನ ಹೆಸರಿನಲ್ಲೇ ಇದ್ದುದರಿಂದ ತಕ್ಷಣ ವಿಮಾನ ಹತ್ತಬೇಕಿರಲಿಲ್ಲ. ಪೂರ್ವ ಲಂಡನ್ನಿನ ಮ್ಯಾನರ್ ಪಾರ್ಕಿನ ಒಂದು ಮನೆಯಲ್ಲಿ ನಾಲ್ವರ ಜೊತೆ ಕೋಣೆ ಹಂಚಿಕೊಂಡು, ಉಳಿತಾಯ ಕರಗುವುದನ್ನು ಲೆಕ್ಕ ಹಾಕುತ್ತ ಕೂತೆ. ಮೊದಲು ಕ್ಷೌರದಂಗಡಿ ಬಿಟ್ಟೆ, ಆಮೇಲೆ ಸಿನಿಮಾ, ಕೊನೆಗೆ ಸ್ಟೇಷನ್ ಪಕ್ಕದ ಅಂಗಡಿಯ ಎರಡು ಪೌಂಡಿನ ಕಾಫಿ. ಕಾಫಿ ಬೆಳೆಯುವವನ ಮಗ ಕಾಫಿ ಬಿಟ್ಟ. ಮೇ ತಿಂಗಳಿಗೆ ಆ ಅಂಗಡಿಯ ಶಟರ್ ಎಳೆದಿತ್ತು. ಬೀದಿಯ ಕೊನೆಯಲ್ಲಿದ್ದ ವುಲ್‌ವರ್ತ್ಸ್ ಜನವರಿಯಲ್ಲೇ ಹೋಗಿತ್ತು. ದೇಶದಾದ್ಯಂತ ಸುಮಾರು 800 ಮಳಿಗೆ, 27 ಸಾವಿರ ಕೆಲಸ, ಜೊತೆಗೆ ನಾನು ಬಕೆಟ್ಟು ಕೊಂಡಿದ್ದ ಜಾಗ.

ಆ ದಿನಗಳಲ್ಲೇ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸಿನಲ್ಲಿ ಓದುತ್ತಿದ್ದ ಮೈಸೂರಿನ ಗೆಳೆಯನೊಬ್ಬ, "ಕ್ರೂಗ್ಮನ್ ಬರ್ತಿದ್ದಾನೆ, ಮೂರು ಸಂಜೆ, ಪುಕ್ಕಟೆ" ಎಂದ. ಪುಕ್ಕಟೆ ಎಂಬ ಮಾತಿಗೆ ಹೋದೆ.

*

ಪಾಲ್ ಕ್ರೂಗ್ಮನ್ ಹಿಂದಿನ ವರ್ಷವಷ್ಟೇ ಅರ್ಥಶಾಸ್ತ್ರದ ನೊಬೆಲ್ ಪಡೆದಿದ್ದ. ಜೂನ್ 8, 9 ಮತ್ತು 10 ಅವನ ಲಯೊನೆಲ್ ರಾಬಿನ್ಸ್ ಉಪನ್ಯಾಸಗಳು. ವೇದಿಕೆಗೆ ಬಂದವನು ಗಡ್ಡದ ಸಾಧಾರಣ ಎತ್ತರದ ಮನುಷ್ಯ. ಸಂಕೋಚದ ನಗೆ, ಏರಿಳಿತವಿಲ್ಲದ ದನಿ, ಸಾಲು ಸಾಲು ಗ್ರಾಫುಗಳು. ಪತ್ರಿಕೆಯ ಅಂಕಣದಲ್ಲಿ ಕಿಡಿ ಕಾರುವವನು ಇವನೇನಾ ಅನ್ನಿಸಿತು. ಸಭೆ ತುಂಬಿತ್ತು. ವಿದ್ಯಾರ್ಥಿಗಳ ನಡುವೆ ಟೈ ಸಡಿಲಿಸಿಕೊಂಡ ನಡುವಯಸ್ಸಿನವರು ಅಲ್ಲಲ್ಲಿ ಕಾಣುತ್ತಿದ್ದರು. ಅವರಲ್ಲಿ ಎಷ್ಟು ಮಂದಿಗೆ ಮರುದಿನ ಬೆಳಿಗ್ಗೆ ಹೋಗಲು ಆಫೀಸಿತ್ತೋ.

ಮೊದಲ ಸಂಜೆ ಅವನು ಹೇಳಿದ ಒಂದು ಮಾತು ಮರುದಿನದ ಸುದ್ದಿಯಾಯಿತು. ಅಮೆರಿಕದ ಹಿಂಜರಿತ ಈ ಬೇಸಿಗೆಯಲ್ಲೇ ಮುಗಿಯಿತೆಂದು ಮುಂದೊಂದು ದಿನ ಲೆಕ್ಕ ಬರೆಯುವವರು ತೀರ್ಮಾನಿಸಿದರೆ ತನಗೆ ಆಶ್ಚರ್ಯವಿಲ್ಲ ಎಂದಿದ್ದ. ಅದು ಸರಿಯಾಗಿಯೇ ಬಂತು. ಆ ದೇಶದಲ್ಲಿ ಹಿಂಜರಿತದ ತಾರೀಖು ಗೊತ್ತುಮಾಡುವ ಸಮಿತಿ 2010ರಲ್ಲಿ, ಹಿಂಜರಿತ 2009ರ ಜೂನ್‌ನಲ್ಲೇ ತಳ ಮುಟ್ಟಿತ್ತು ಎಂದಿತು. ಆದರೆ ಸಭೆಯಲ್ಲಿ ಕೂತವರಿಗೆ ಮುಖ್ಯವಾಗಿದ್ದದ್ದು ಅವನ ಮುಂದಿನ ಮಾತು. ಬೀಳುವುದು ನಿಂತಿತೆಂದರೆ ಎದ್ದಂತಲ್ಲ, ಉತ್ಪಾದನೆ ಚೇತರಿಸಿದರೂ ನಿರುದ್ಯೋಗ ಬಹುಕಾಲ ಉಳಿಯುತ್ತದೆ ಎಂದ. ಅಮೆರಿಕದಲ್ಲಿ ನಿರುದ್ಯೋಗ ಶೇ 10ರ ತುದಿ ಮುಟ್ಟಿದ್ದು ಆ 'ಮುಗಿದ' ಹಿಂಜರಿತದ ನಂತರ, ಅಕ್ಟೋಬರಿನಲ್ಲಿ.

ಇನ್ನೂ ಎದ್ದಿಲ್ಲ. ನನಗೆ ಬೇಲಿಯಾಚೆಯ ಪ್ರಶ್ನೆ, ಅಪ್ಪನ ದನಿ ಎರಡೂ ಕೇಳಿಸಿದವು.

*

ನಮ್ಮ ಕಡೆಯ ಕಷ್ಟ ಶುರುವಾದದ್ದು ಒಂದು ಹಬ್ಬದಿಂದ. 1994ರಲ್ಲಿ ಬ್ರೆಜಿಲ್‌ನ ತೋಟಗಳು ಹಿಮಕ್ಕೆ ಸುಟ್ಟುಹೋಗಿ ಜಗತ್ತಿನ ಕಾಫಿ ಬೆಲೆ ಜಿಗಿಯಿತು. ಅದೇ ಹೊತ್ತಿಗೆ ಇಲ್ಲಿ ಎಲ್ಲರ ಬೆಳೆ ಒಟ್ಟುಗೂಡಿಸಿ ಮಾರುತ್ತಿದ್ದ ಕಾಫಿ ಬೋರ್ಡಿನ ಪೂಲ್ ವ್ಯವಸ್ಥೆ ಕಳಚಿ, ಬೆಳೆದವನೇ ಮಾರಿಕೊಳ್ಳುವ ಸ್ವಾತಂತ್ರ್ಯ ಬಂತು. ಮಲೆನಾಡಿನ ಅಂಗಳಗಳಿಗೆ ಹೊಸ ಜೀಪು ಬಂದವು. ಸಾಲವೆಂದರೆ ಬಾಗಿಲು ಹಾಕಿಕೊಳ್ಳುತ್ತಿದ್ದ ಅಪ್ಪನೂ ಬ್ಯಾಂಕಿಗೆ ಹೋಗಿ ಮೋಟರು, ಸ್ಪ್ರಿಂಕ್ಲರ್ ಪೈಪುಗಳಿಗೆ ಸಹಿ ಹಾಕಿ ಬಂದರು. ಹೂಮಳೆಗೆ ಆಕಾಶ ನೋಡುವ ಕಾಲ ಮುಗಿಯಿತು ಎಂಬ ಹುಮ್ಮಸ್ಸು.

ಆಮೇಲೆ ವಿಯೆಟ್ನಾಂ ಬಂತು. ಕಾಫಿ ಸಾಗಣೆಗೆ ಕೋಟಾ ಹಾಕಿ ಬೆಲೆ ಕಾಯುತ್ತಿದ್ದ ಅಂತರರಾಷ್ಟ್ರೀಯ ಒಪ್ಪಂದ 1989ರಲ್ಲೇ ಮುರಿದಿತ್ತು. ತಡೆಯುವವರಿಲ್ಲದೆ ವಿಯೆಟ್ನಾಮಿನ ರೊಬಸ್ಟಾ ಹರಿಯಿತು. 2001ರಲ್ಲಿ ಜಾಗತಿಕ ಸರಾಸರಿ ಬೆಲೆ ಪೌಂಡಿಗೆ 45 ಸೆಂಟಿನ ಆಸುಪಾಸಿಗೆ ಇಳಿಯಿತು. ಮೂರು ದಶಕಗಳಲ್ಲಿ ಅಷ್ಟು ಕೆಳಗೆ ಹೋದದ್ದಿರಲಿಲ್ಲ. ನಮ್ಮ ಕಣದಲ್ಲಿ ಒಣಗಿದ ಚೆರಿ ಕೊಯ್ಲಿನ ಕೂಲಿಗೂ ಸಾಲದಾಯಿತು. ನಾನಾಗ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೆ, ಫೀಸು ಕಟ್ಟಬೇಕಿತ್ತು.

"ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು" ಎಂದರು ಅಪ್ಪ. ಗೊಬ್ಬರ ನಿಂತಿತು. ಮರಗಸಿ ನಿಂತಿತು. ಎರಡು ಸಲ ತೆಗೆಸುತ್ತಿದ್ದ ಕಳೆ ಒಂದೇ ಸಲ. ಲೈನು ಮನೆಯಲ್ಲಿದ್ದ ನಾಲ್ಕು ಸಂಸಾರಗಳಲ್ಲಿ ಮೂರನ್ನು ಕರೆದು, ಬಾಕಿ ಚುಕ್ತಾ ಮಾಡಿ, ಒಂದೊಂದು ಮೂಟೆ ಅಕ್ಕಿ ಕೊಟ್ಟು ಕಳಿಸಿದರು. ಆ ಅಕ್ಕಿಯ ವಿಷಯವನ್ನು ಅಮ್ಮ ಬಹಳ ವರ್ಷ ಹೇಳುತ್ತಿದ್ದರು, ಅದು ನಮ್ಮ ಮನೆಯ ದೊಡ್ಡತನವೆಂಬಂತೆ.

ಸುತ್ತಲಿನ ತೋಟದವರೂ ಅದನ್ನೇ ಮಾಡಿದರು. ಶನಿವಾರದ ಬಟವಾಡೆ ತೆಳ್ಳಗಾಯಿತು, ಭಾನುವಾರದ ಸಂತೆ ಇನ್ನೂ ತೆಳ್ಳಗಾಯಿತು. ಒಣಮೀನಿನವನು ಬರುವುದು ಬಿಟ್ಟ. ಬಟ್ಟೆಯಂಗಡಿಯವರು ಕೆಲಸದ ಹುಡುಗನನ್ನು ಬಿಡಿಸಿದರು. ಅಡಿಕೆ, ಮೆಣಸು ಇದ್ದವರು ಹೇಗೋ ಉಸಿರಾಡಿದರು. ರಜೆಗೆ ಬಂದಾಗ ಸಂತೆಮಾಳದಲ್ಲಿ ಎಳೆದು ಕಟ್ಟಿದ ಟಾರ್ಪಾಲುಗಳನ್ನು ಎಣಿಸಿ, ಇದೆಲ್ಲ ವಿಯೆಟ್ನಾಮಿನ ಪ್ರತಾಪ ಅಂದುಕೊಂಡಿದ್ದೆ. ನಮ್ಮ ಹಾಸಿಗೆಗೂ ಆ ಟಾರ್ಪಾಲಿಗೂ ಸಂಬಂಧವಿದೆ ಎಂದು ಹೊಳೆಯಲು ಎಂಟು ವರ್ಷ, ಇನ್ನೊಂದು ಖಂಡ, ಒಬ್ಬ ಅಮೆರಿಕದ ಪ್ರೊಫೆಸರು ಬೇಕಾದರು.

*

ಎರಡನೆಯ ಸಂಜೆಯ ವಿಷಯ, ಕಳೆದುಹೋದ ದಶಕಗಳು. ಜಪಾನಿನ ಗುಳ್ಳೆ ಒಡೆದ ಮೇಲೆ ಬಡ್ಡಿ ಸೊನ್ನೆಗಿಳಿದರೂ ಜನ ಖರ್ಚು ಮಾಡಲಿಲ್ಲ, ಕಂಪನಿಗಳು ಸಾಲ ತೀರಿಸುತ್ತ ಕೂತವು. ಒಬ್ಬನ ಖರ್ಚೇ ಇನ್ನೊಬ್ಬನ ಆದಾಯ. ಎಲ್ಲರೂ ಒಟ್ಟಿಗೆ ಕೈ ಬಿಗಿ ಹಿಡಿದರೆ ಎಲ್ಲರ ಆದಾಯವೂ ಒಟ್ಟಿಗೆ ಇಳಿಯುತ್ತದೆ, ಕೊನೆಗೆ ಉಳಿತಾಯವೂ ಉಳಿಯುವುದಿಲ್ಲ. ಅರ್ಥಶಾಸ್ತ್ರಜ್ಞ ಕೇನ್ಸನ ಹಳೆಯ ಪಾಠವಿದು. ಹಾಗಾದರೆ ಹೊರಬರುವುದು ಹೇಗೆ? ಜಪಾನು ಕೊನೆಗೆ ಒಂದಿಷ್ಟು ಚೇತರಿಸಿದ್ದು ರಫ್ತಿನಿಂದ. ಇಡೀ ಜಗತ್ತೇ ಮಲಗಿರುವಾಗ ರಫ್ತು ಮಾಡಲು ಬೇರೆ ಗ್ರಹ ಹುಡುಕಬೇಕು. 1930ರ ದಶಕದ ಮಹಾಕುಸಿತ ಪೂರ್ತಿ ಕಳೆದದ್ದು ಮಹಾಯುದ್ಧದ ಖರ್ಚಿನಿಂದ. ಅದನ್ನು ಯಾರೂ ಬಯಸುವಂತಿಲ್ಲ. ಸಭೆ ನಕ್ಕಿತು, ಆಮೇಲೆ ನಕ್ಕದ್ದಕ್ಕೆ ತಾನೇ ಸುಮ್ಮನಾಯಿತು.

ಹೊರಗೆ ಬಂದರೆ ಸುರಂಗ ರೈಲಿಲ್ಲ. ಅದೇ ಸಂಜೆ ಏಳು ಗಂಟೆಗೆ ಲಂಡನ್ ಟ್ಯೂಬ್ ನೌಕರರ 48 ಗಂಟೆಗಳ ಮುಷ್ಕರ ಶುರುವಾಗಿತ್ತು. 25ನೇ ನಂಬರಿನ ಉದ್ದನೆಯ ಬಸ್ಸುಗಳಲ್ಲಿ ಜೋತುಬೀಳಲೂ ಜಾಗವಿರಲಿಲ್ಲ. ಜೂನ್ ತಿಂಗಳ ಬೆಳಕು ಒಂಬತ್ತು ದಾಟಿದರೂ ಇರುತ್ತದೆ, ನಡೆದೆ. ಫ್ಲೀಟ್ ಸ್ಟ್ರೀಟ್, ಸೇಂಟ್ ಪಾಲ್ಸ್, ಚೀಪ್‌ಸೈಡ್ ದಾಟಿ ಬ್ಯಾಂಕ್ ಆಫ್ ಇಂಗ್ಲೆಂಡಿನ ಕಿಟಕಿಯಿಲ್ಲದ ಗೋಡೆಯ ಪಕ್ಕ ಬಂದಾಗ ಕಾಲು ಸೋತಿತ್ತು. ಮಾರ್ಚ್‌ನಲ್ಲಿ ಈ ಗೋಡೆಯೊಳಗಿನವರು ಬಡ್ಡಿ ದರವನ್ನು ಶೇ 0.5ಕ್ಕೆ ಇಳಿಸಿದ್ದರು. 1694ರಲ್ಲಿ ಬ್ಯಾಂಕು ಹುಟ್ಟಿದಂದಿನಿಂದ ಅಷ್ಟು ಕಡಿಮೆ ಇದ್ದದ್ದಿಲ್ಲ. ಸಾಲ ಹೆಚ್ಚುಕಡಿಮೆ ಪುಕ್ಕಟೆಯಾಗಿತ್ತು, ಕೇಳುವವರಿರಲಿಲ್ಲ.

ಅಲ್ಲಿ ಮೆಟ್ಟಿಲ ಮೇಲೆ ಕೂತಾಗ ಕ್ರೂಗ್ಮನ್ ತನ್ನ ಪುಸ್ತಕದಲ್ಲಿ ಹೇಳುವ ಒಂದು ಕತೆ ನೆನಪಾಯಿತು. ವಾಷಿಂಗ್ಟನ್ನಿನಲ್ಲಿ ಸುಮಾರು 150 ದಂಪತಿಗಳು ಪರಸ್ಪರ ಮಕ್ಕಳನ್ನು ನೋಡಿಕೊಳ್ಳಲು ಒಂದು ಸಂಘ ಮಾಡಿಕೊಂಡಿದ್ದರು. ಇನ್ನೊಬ್ಬರ ಮಗು ನೋಡಿಕೊಂಡರೆ ಕೂಪನ್ ಸಿಗುತ್ತದೆ, ನಾವು ಹೊರಗೆ ಹೋಗುವಾಗ ಅದನ್ನು ಕೊಡಬೇಕು. ಮುಂದೆ ಬೇಕಾದೀತೆಂದು ಎಲ್ಲರೂ ಕೂಪನ್ ಕೂಡಿಡತೊಡಗಿದರು. ಯಾರೂ ಹೊರಗೆ ಹೋಗಲಿಲ್ಲ, ಹಾಗಾಗಿ ಯಾರಿಗೂ ಕೂಪನ್ ಗಳಿಸುವ ಅವಕಾಶವೂ ಬರಲಿಲ್ಲ. ಹೆಚ್ಚು ಕೂಪನ್ ಮುದ್ರಿಸಿ ಹಂಚಿದ ಮೇಲೆ ಸಂಘಕ್ಕೆ ಜೀವ ಬಂತು. ಇದು ನಮ್ಮ ಮುಯ್ಯಾಳಿನ ಕತೆಯೇ ಅನ್ನಿಸಿತು. ಇವತ್ತು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು. ಊರಿನವರೆಲ್ಲ "ಮೊದಲು ನನ್ನ ಲೆಕ್ಕಕ್ಕೆ ಮುಯ್ಯಿ ಕೂಡಲಿ, ಆಮೇಲೆ ಆಳು ಕರೀತೀನಿ" ಎಂದು ಕೂತರೆ? ಯಾರೂ ಸೋಮಾರಿಗಳಲ್ಲ, ಗದ್ದೆಯಲ್ಲಿ ನೀರೂ ಇದೆ. ಆದರೂ ನಾಟಿ ಆಗುವುದಿಲ್ಲ.

ಮರುದಿನ ಬೆಳಿಗ್ಗೆ ಅಪ್ಪನಿಗೆ ಫೋನು ಮಾಡಿ ಇದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. ತೋಟದವರೆಲ್ಲ ಒಂದೇ ಸಲ ಆಳು ಬಿಡಿಸಿದ್ದರಿಂದ ಸಂತೆ ಸತ್ತಿತು, ಸಂತೆ ಸತ್ತದ್ದರಿಂದ ಊರು ಇನ್ನಷ್ಟು ಬಡವಾಯಿತು ಎಂದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಸರಿ. ಹಾಗಾದ್ರೆ ಅವತ್ತು ಮೊದಲು ಖರ್ಚು ಮಾಡಬೇಕಿದ್ದದ್ದು ಯಾರು? ನಾನಾ?"

"ನೀವಲ್ಲ, ಸರ್ಕಾರ. ಎಲ್ಲರೂ ಹೆದರಿದಾಗ ಹೆದರದೆ ಸಾಲ ಮಾಡಬಲ್ಲವರು ಅವರೇ."

"ಸರ್ಕಾರಾನೂ ಬಂತಲ್ಲ. 2002ರಲ್ಲಿ ಹಳೇ ಸಾಲಾನೆಲ್ಲ ಸೇರಿಸಿ ಸ್ಪೆಷಲ್ ಟರ್ಮ್ ಲೋನ್ ಅಂತ ಹೊಸ ಹೆಸರು ಇಟ್ಟು ಹೋಯ್ತು."

ಮುಷ್ಕರದ ಎರಡನೆಯ ದಿನವಾದ್ದರಿಂದ ಸಂಜೆಯ ಉಪನ್ಯಾಸಕ್ಕೆ ಮಧ್ಯಾಹ್ನವೇ ಹೊರಟೆ. ದಾರಿಯುದ್ದಕ್ಕೂ ಉತ್ತರ ಕೊಡುತ್ತ ಹೋದೆ, ಕೇಳಿಸಿಕೊಳ್ಳಲು ಅಪ್ಪ ಇರಲಿಲ್ಲ.

*

ಮೂರನೆಯ ಸಂಜೆ ಕ್ರೂಗ್ಮನ್ ತಿರುಗಿದ್ದು ತನ್ನ ಸ್ವಂತ ಕುಲದ ಮೇಲೆ. ಕಳೆದ ಮೂವತ್ತು ವರ್ಷಗಳ ಸಮಷ್ಟಿ ಅರ್ಥಶಾಸ್ತ್ರದ ಬಹುಪಾಲು, ಹೆಚ್ಚೆಂದರೆ ನಿರುಪಯೋಗಿ, ಇಲ್ಲವಾದರೆ ಹಾನಿಕರ ಎಂಬರ್ಥದ ಮಾತಾಡಿದ. ಅದು ಅರ್ಥಶಾಸ್ತ್ರಜ್ಞರ ನಡುವೆ ವರ್ಷಗಟ್ಟಲೆ ಜಗಳಕ್ಕೆ ಕಾರಣವಾಯಿತು. ಬದುಕಿದ್ದಾಗ ಅಂಚಿನಲ್ಲೇ ಉಳಿದು 1996ರಲ್ಲಿ ತೀರಿಕೊಂಡ ಹೈಮನ್ ಮಿನ್‌ಸ್ಕಿಯನ್ನು ಎಲ್ಲರೂ ಮತ್ತೆ ಓದುತ್ತಿರುವುದನ್ನು ಹಾಸ್ಯ ಬೆರೆಸಿ ಹೇಳಿದ. ಮಿನ್‌ಸ್ಕಿಯ ತಿರುಳು ಇಷ್ಟು: ಒಳ್ಳೆಯ ಕಾಲವೇ ಕೆಟ್ಟ ಕಾಲವನ್ನು ಹೆರುತ್ತದೆ. ನೆಮ್ಮದಿ ಹೆಚ್ಚಿದಷ್ಟೂ ಸಾಲಕ್ಕೆ ಧೈರ್ಯ ಬರುತ್ತದೆ. ಬ್ರೆಜಿಲ್‌ನ ಹಿಮ, ನಮ್ಮ ಅಂಗಳದ ಸ್ಪ್ರಿಂಕ್ಲರ್ ಪೈಪು ಕಣ್ಣಿಗೆ ಕಟ್ಟಿದವು. ಹಾಸಿಗೆಯ ಗಾದೆ ಹೇಳಿಕೊಟ್ಟ ಮನುಷ್ಯ ಗಾದೆ ಮರೆತದ್ದು ರೇಟು ಏರಿದಾಗ, ನೆನಪಿಸಿಕೊಂಡದ್ದು ಇಳಿದಾಗ. ಎರಡೂ ಸಲ ಹೊತ್ತು ತಪ್ಪಿತ್ತು. ಮಹಾ ಮಹಾ ಬ್ಯಾಂಕುಗಳು ಮಾಡಿದ್ದೂ ಅದನ್ನೇ.

ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸಿಗೆ ಏಳು ತಿಂಗಳ ಹಿಂದೆ, 2008ರ ನವೆಂಬರಿನಲ್ಲಿ, ಹೊಸ ಕಟ್ಟಡದ ಉದ್ಘಾಟನೆಗೆಂದು ಬಂದಿದ್ದ ರಾಣಿ ಎಲಿಜಬೆತ್, ಇಷ್ಟು ದೊಡ್ಡದು ಬರುತ್ತಿರುವುದು ಯಾರ ಕಣ್ಣಿಗೂ ಯಾಕೆ ಬೀಳಲಿಲ್ಲ ಎಂದು ಪ್ರೊಫೆಸರುಗಳನ್ನು ಕೇಳಿದ್ದರು. ಜಗತ್ತಿನ ಎಲ್ಲ ಅಜ್ಜಿಯರೂ ಕೇಳುವ ಪ್ರಶ್ನೆ ಒಂದೇ ಇರಬೇಕು.

ಆದರೆ ನನ್ನನ್ನು ಹೆಚ್ಚು ಕಾಡಿದ್ದು ಆ ಉಪನ್ಯಾಸಗಳಿಗಿದ್ದ ಹೆಸರು. ಲಯೊನೆಲ್ ರಾಬಿನ್ಸ್ ಯಾರೆಂದು ಹುಡುಕಿಕೊಂಡು ಹೋದೆ. ಕೆಲಸವಿಲ್ಲದವನಿಗೆ ಲೈಬ್ರರಿಗಿಂತ ಬೆಚ್ಚನೆಯ ಜಾಗವಿಲ್ಲ. ರಾಬಿನ್ಸ್ ಮೂವತ್ತರ ಹರೆಯದಲ್ಲೇ, 1929ರಲ್ಲಿ, ಅದೇ ಸ್ಕೂಲಿನಲ್ಲಿ ಅರ್ಥಶಾಸ್ತ್ರದ ಪ್ರೊಫೆಸರಾದವನು. ಕೇನ್ಸನ ಎದುರಾಳಿ ಹಾಯೆಕನನ್ನು ಲಂಡನ್ನಿಗೆ ಕರೆತಂದವನು. 1932ರ ಅಕ್ಟೋಬರಿನಲ್ಲಿ ಕೇನ್ಸ್, ಪಿಗೂ ಮೊದಲಾದವರು, ಇದು ಕೈ ಬಿಗಿ ಹಿಡಿಯುವ ಕಾಲವಲ್ಲ, ಖರ್ಚು ಮಾಡಿ ಎಂದು ಟೈಮ್ಸ್ ಪತ್ರಿಕೆಗೆ ಬರೆದಾಗ, ಎರಡೇ ದಿನದಲ್ಲಿ ಎದುರುಪತ್ರ ಬರೆದ ನಾಲ್ವರಲ್ಲಿ ಹಾಯೆಕ್ ಮತ್ತು ರಾಬಿನ್ಸ್ ಇದ್ದರು. ಸರ್ಕಾರ ಸಾಲ ಮಾಡಿ ಖರ್ಚು ಮಾಡುವುದು ರೋಗವನ್ನು ಬೆಳೆಸೀತು ಎಂಬುದು ಅವರ ವಾದ. ಅಂದರೆ ನಮ್ಮ ಅಪ್ಪನ ಗಾದೆ. ಆಗ ಬ್ರಿಟನ್ನಿನಲ್ಲಿ ಲಕ್ಷಗಟ್ಟಲೆ ಜನ ಕೆಲಸವಿಲ್ಲದೆ ಬೀದಿಯಲ್ಲಿದ್ದರು.

ಸುಮಾರು ನಲವತ್ತು ವರ್ಷದ ನಂತರ, 1971ರಲ್ಲಿ ಬಂದ ಆತ್ಮಕತೆಯಲ್ಲಿ, ಆ ದಿನಗಳಲ್ಲಿ ಕೇನ್ಸನ ವಿರುದ್ಧ ನಿಂತದ್ದು ತನ್ನ ವೃತ್ತಿಜೀವನದ ಅತಿ ದೊಡ್ಡ ತಪ್ಪು ಎಂದು ರಾಬಿನ್ಸ್ ಒಪ್ಪಿಕೊಂಡ. ಕುಡಿದು ಹೆಪ್ಪುಗಟ್ಟುವ ಕೊಳಕ್ಕೆ ಬಿದ್ದವನಿಗೆ, ಮೊದಲು ನಿನಗೆ ಮೈ ಬಿಸಿಯಾಗಿದ್ದೇ ತೊಂದರೆ ಎನ್ನುತ್ತ ಕಂಬಳಿ ಕೊಡದಿರುವಂತೆ ತಾವು ನಡೆದುಕೊಂಡೆವು ಎಂಬ ಹೋಲಿಕೆಯನ್ನೂ ಕೊಡುತ್ತಾನೆ. ಕೆಟ್ಟ ಮನುಷ್ಯನಲ್ಲ, ದಡ್ಡನಂತೂ ಅಲ್ಲ. ಅವನ ತರ್ಕದಲ್ಲಿ ಬಿರುಕಿರಲಿಲ್ಲ. ಕೊಳದಲ್ಲಿದ್ದವನು ಮಾತ್ರ ಆ ತರ್ಕದೊಳಗಿರಲಿಲ್ಲ. ಅವನ ಹೆಸರಿನ ವೇದಿಕೆಯಿಂದಲೇ ಮೂರು ಸಂಜೆ ಕೇನ್ಸನ ಪಾಠ ನಡೆದದ್ದು ವಿಶ್ವವಿದ್ಯಾಲಯಗಳು ಅಪರೂಪಕ್ಕೆ ಮಾಡುವ ಒಳ್ಳೆಯ ಕೆಲಸಗಳಲ್ಲೊಂದು.

*

ಆ ವರ್ಷದ ಕೊನೆಗೆ ನಾನು ಬೆಂಗಳೂರಿಗೆ ಮರಳಿದೆ. ಮರುವರ್ಷ ಜೂನ್‌ನಲ್ಲಿ ಬ್ರಿಟನ್ನಿನ ಹೊಸ ಸರ್ಕಾರ ಖರ್ಚು ಕಡಿತದ ಬಜೆಟ್ ತಂದಿತು. ದೇಶವನ್ನು ಮನೆಗೆ, ಕೊರತೆಯನ್ನು ಕ್ರೆಡಿಟ್ ಕಾರ್ಡಿಗೆ ಹೋಲಿಸುವ ಮಾತುಗಳು ಅಲ್ಲಿನ ಪತ್ರಿಕೆಗಳಲ್ಲಿ ತುಂಬಿದ್ದವು. ನಮ್ಮ ಜಗಲಿಯಲ್ಲಿ ಕೇಳಿದ ಗಾದೆ ವೆಸ್ಟ್‌ಮಿನ್‌ಸ್ಟರಿಗೂ ತಲುಪಿದ್ದನ್ನು ನೋಡಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬ್ಯಾಂಕ್ ಆಫ್ ಇಂಗ್ಲೆಂಡಿನ ಆ 0.5 ಏಳು ವರ್ಷ ಅಲುಗಲಿಲ್ಲ. 2016ರಲ್ಲಿ ಅಲುಗಿದಾಗಲೂ ಇಳಿದದ್ದು ಕೆಳಕ್ಕೇ.

ಅಪ್ಪನ ವಿಷಯದಲ್ಲಿ ನಾನು ಆತುರಪಟ್ಟಿದ್ದೆ ಎಂಬುದು ನಿಧಾನವಾಗಿ ತಿಳಿಯಿತು. ಬೆಂಗಳೂರಿನಲ್ಲಿ ಐಸೆಕ್ ಎಂಬ ಸಂಶೋಧನಾ ಸಂಸ್ಥೆ ಕಟ್ಟಿದ ವಿ.ಕೆ.ಆರ್.ವಿ. ರಾವ್ ಕೇಂಬ್ರಿಜ್‌ನಲ್ಲಿ ಕೇನ್ಸನ ಶಿಷ್ಯರಾಗಿದ್ದವರು. ಗುರುವಿನ ಸೂತ್ರ ನಮ್ಮಂಥ ಕೃಷಿಪ್ರಧಾನ ಬಡ ದೇಶಕ್ಕೆ ಹಾಗೇ ಹೊಂದುವುದಿಲ್ಲ ಎಂದು 1952ರಲ್ಲೇ ವಾದಿಸಿದ್ದರು. ಇಲ್ಲಿ ಬೀಗ ಬಿಚ್ಚಿದೊಡನೆ ಓಡುವ ಖಾಲಿ ಕಾರ್ಖಾನೆಗಳಿಲ್ಲ. ಜನರ ಕೈಗೆ ಹಣ ಬಂದ ಮಾತ್ರಕ್ಕೆ ಹೊಲದ ಬೆಳೆ ಹೆಚ್ಚುವುದಿಲ್ಲ. ನಮ್ಮ ಹೋಬಳಿಯ ಸರ್ಕಾರಿ ಖರ್ಚು ಎಷ್ಟೇ ಏರಿದ್ದರೂ ವಿಯೆಟ್ನಾಮಿನ ರೊಬಸ್ಟಾ ಒಂದು ಕಾಳು ಕಡಿಮೆಯಾಗುತ್ತಿರಲಿಲ್ಲ, ಲಂಡನ್ ಏಳುತ್ತಿರಲಿಲ್ಲ. ಆದರೆ ಸಂತೆ ಉಳಿಯುತ್ತಿತ್ತು, ಲೈನು ಮನೆಯಲ್ಲಿ ಒಲೆ ಉರಿಯುತ್ತಿತ್ತು. ಹೊರಗಿನಿಂದ ಬಂದ ಪೆಟ್ಟು ಒಂದು, ನಾವು ನಾವೇ ಕೊಟ್ಟುಕೊಂಡದ್ದು ಇನ್ನೊಂದು. ಎರಡನೆಯದರ ಬಗ್ಗೆ ಮಾತ್ರ ಆ ಮೂರು ಸಂಜೆಗಳಿಗೆ ಹೇಳಲು ಏನಾದರೂ ಇತ್ತು.

2011ರಲ್ಲಿ ಕಾಫಿಗೆ ರೇಟು ಬಂತು. ಮರುವರ್ಷ ಕೊಯ್ಲಿಗೆ ಊರಿಗೆ ಹೋದಾಗ ಗಿಡದಲ್ಲಿ ಹಣ್ಣು ಕಪ್ಪಾಗಿ ಉದುರುತ್ತಿತ್ತು. ಕೊಯ್ಯಲು ಆಳಿರಲಿಲ್ಲ. ಅಪ್ಪ ಬೀರುವಿನಿಂದ ಹಳೆಯ ಬಟವಾಡೆ ಪುಸ್ತಕ ತೆಗೆಸಿ, "2002ರದ್ದು ನೋಡು, ಅವರ ಊರು ಬರೆದಿಟ್ಟಿದೀನಿ" ಎಂದರು. ಮೂರು ಸಂಸಾರಗಳ ಹೆಸರಿನ ಮೇಲೆ ಕೆಂಪು ಗೆರೆ. ಪಕ್ಕದಲ್ಲಿ ಚುಕ್ತಾ ಆದ ಬಾಕಿ, ಒಂದೊಂದು ಮೂಟೆ ಅಕ್ಕಿ. ಅದರ ಕೆಳಗೆ ಪೆನ್ಸಿಲಿನಲ್ಲಿ, ಅಪ್ಪನ ಬಾಗಿದ ಅಕ್ಷರದಲ್ಲಿ: 'ರೇಟು ಬಂದ ಮೇಲೆ ವಾಪಸ್ ಕರೆಸುವುದು.'

ಅರಸೀಕೆರೆ ಕಡೆಯ ಆ ಊರಿಗೆ ಇಬ್ಬರೂ ಹೋದೆವು. ಒಂದು ಸಂಸಾರದ ಮನೆಗೆ ಬೀಗ. ಬೆಂಗಳೂರಿನಲ್ಲಿ ಕಟ್ಟಡದ ಕೆಲಸ ಎಂದರು. ಇನ್ನೊಂದು ಮನೆಯ ಹೆಣ್ಣುಮಗಳು ಗಾರ್ಮೆಂಟ್ಸ್ ಸೇರಿ ಹತ್ತು ವರ್ಷವಾಗಿತ್ತು. ಮೂರನೆಯ ಮನೆಯ ಯಜಮಾನ ಅಪ್ಪನಿಗಿಂತ ಮುದುಕನಾಗಿ ಜಗಲಿಯಲ್ಲಿ ಕೂತಿದ್ದ. ಗುರುತು ಹಿಡಿದು ಎದ್ದು ನಿಂತ, ಕಾಫಿ ಮಾಡಿಸಿದ. "ಆವಾಗ ಎರಡು ವರ್ಷ ತಡೆದುಕೊಂಡಿದ್ರೆ ಇರ್ತಿದ್ವಿ ಸ್ವಾಮಿ" ಎಂದ, ಆರೋಪವಿಲ್ಲದ ದನಿಯಲ್ಲಿ. ಅವನ ಮನೆಯ ಕಾಫಿಯಲ್ಲಿ ಚಿಕೋರಿಯೇ ಹೆಚ್ಚಿತ್ತು. ಅಪ್ಪ ಲೋಟ ಖಾಲಿ ಮಾಡಿ, ಇನ್ನರ್ಧ ಲೋಟ ಹಾಕಿಸಿಕೊಂಡರು. ಹೊರಗೆ ಎರಡನೇ ಲೋಟ ಕೇಳಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ವಾಪಸು ಬರುವಾಗ ಜೀಪು ಹಾಸನ ದಾಟುವವರೆಗೂ ಮಾತಿರಲಿಲ್ಲ. ಕ್ರೂಗ್ಮನ್ ತೋರಿಸಿದ ಗ್ರಾಫುಗಳಲ್ಲಿ ಬಿದ್ದ ಗೆರೆ ಮತ್ತೆ ಮೇಲೇಳುತ್ತಿತ್ತು. ಈ ಮುದುಕ ಯಾವ ಗೆರೆಯಲ್ಲಿದ್ದಾನೆ ಎಂದು ನಾನು ಯೋಚಿಸುತ್ತಿದ್ದೆ. ಘಟ್ಟದ ಗಾಳಿ ತಾಗಿದ ಮೇಲೆ ಅಪ್ಪ, ಯಾರಿಗೋ ಲೆಕ್ಕ ಒಪ್ಪಿಸುವವರಂತೆ, "ರೇಟು ಬಂತು, ಜನ ಬರಲಿಲ್ಲ" ಎಂದರು.

ಮನೆಗೆ ಬಂದು ಪುಸ್ತಕ ತೆರೆದು, ಪೆನ್ಸಿಲಿನ ಆ ಸಾಲನ್ನು ಒಂದು ಗಳಿಗೆ ನೋಡಿ, ಅಳಿಸದೆ ಹಾಗೇ ಮುಚ್ಚಿಟ್ಟರು.